ಆಗದ ಆಪರೇಶನ್ನಿಗೊಂದು ಮೋರ್ಚಾ

ಅಶ್ವತ್ಥನಾರಾಯಣನಿಗೆ ತನ್ನ ಕನ್ನಡಕದ ಮೇಲೆ ತಡೆಯಲಾರದ ಸಿಟ್ಟು ಬಂದದ್ದು ಮುಂಬಯಿ ಹತ್ತಿರದ ಡೊಂಬಿವ್ಲಿಯ ಒಂದು ಮದುವೆಯಲ್ಲಿ. ವಧೂವರರ ಪಕ್ಕ ನಿಂತಾಗ ಫೋಟೊ ತೆಗೆಯುವವನು, "ಅಂಕಲ್, ಚಶ್ಮಾ ನಿಕಾಲೋ, ಗ್ಲೇರ್ ಆತಾ ಹೈ" ಎಂದ. ಇವನು ಕನ್ನಡಕ ತೆಗೆದು ಜೇಬಿಗಿಳಿಸಿ, ಹಲ್ಲು ಕಾಣುವಂತೆ ನಕ್ಕು, ಫೋಟೊ ಮುಗಿಸಿ ವೇದಿಕೆ ಇಳಿದ. ಮೈನಸ್ ಏಳು ನಂಬರಿನ ಕಣ್ಣಿಗೆ ಹಾಲಿನ ಜನರೆಲ್ಲ ಬಣ್ಣದ ಮೋಡಗಳಂತೆ ಕಂಡರು. ಹಸಿರು ಸೀರೆಯ ಮೋಡವೊಂದು ತನ್ನ ಹೆಂಡತಿ ಸರಳಾ ಎಂಬ ಭರವಸೆಯಿಂದ ಅದರ ಪಕ್ಕ ಕೂತು, "ನಡಿ, ಊಟಕ್ಕೆ ಹೋಗೋಣ. ಈ ಗಂಡಿನ ಕಡೆಯವರ ಜಂಬ ನೋಡಿ ನೋಡಿ ಸಾಕಾಯ್ತು" ಎಂದು ಮೊಣಕೈ ಹಿಡಿದು ಎಬ್ಬಿಸಿದ. ಆ ಮೋಡ ಗಂಡಿನ ತಾಯಿ.

ಕ್ಷಮೆ ಕೇಳಿದ್ದಾಯಿತು, ವಿವರಣೆ ಕೊಟ್ಟದ್ದಾಯಿತು, ಊಟ ಬಿಟ್ಟು ಎದ್ದು ಬಂದದ್ದೂ ಆಯಿತು. ನವಿ ಮುಂಬಯಿಯ ಸಾನಪಾಡಾದ ಮನೆ ಸೇರುವವರೆಗೆ ಸರಳಾ ಮುಖವನ್ನು ಕಿಟಕಿಯ ಕಡೆಗೇ ತಿರುಗಿಸಿ ಕೂತಳು. ಅವನು ದಾರಿಯುದ್ದಕ್ಕೂ ಕೂಗಾಡುತ್ತಿದ್ದ. "ಮೂಗಿನ ಮೇಲೆ ಎರಡು ಗಾಜು ಹೊತ್ತುಕೊಂಡು ತಿರುಗೋ ಕಾಲವಾ ಇದು? ಲೇಸರ್ ಮಾಡಿಸ್ತೀನಿ. ಯಾರು ಅಡ್ಡ ಬರ್ತಾರೋ ಬರಲಿ."

ಯಾರೂ ಅಡ್ಡ ಬಂದಿರಲಿಲ್ಲ.

ಇದು ಎರಡು ಸಾವಿರದ ಹನ್ನೊಂದರ ಮಾತು. ಮೈಸೂರಿನ ಅಶ್ವತ್ಥನಾರಾಯಣ ಐರೋಲಿಯ ಒಂದು ಫೈನಾನ್ಸ್ ಕಂಪನಿಯಲ್ಲಿ ಬೇರೆಯವರ ಲೆಕ್ಕದಲ್ಲಿ ತಪ್ಪು ಹುಡುಕುವ ಕೆಲಸದಲ್ಲಿದ್ದ. ವಯಸ್ಸು ನಲವತ್ತು ದಾಟಿತ್ತು. ಡೊಂಬಿವ್ಲಿಯ ಆ ಮದುವೆಯ ಮರುದಿನದಿಂದಲೇ ಆಫೀಸಿನ ಕಂಪ್ಯೂಟರಿನಲ್ಲಿ ಲೇಸರ್ ಚಿಕಿತ್ಸೆಯ ಬಗ್ಗೆ ಓದಲು ಕೂತ. ಪ್ರಯೋಜನಗಳನ್ನು ಅಕ್ಷರ ಬಿಡದೆ ಓದಿದ. 'ಅಪಾಯಗಳು' ಎಂಬ ತಲೆಬರಹ ಬಂದಲ್ಲೆಲ್ಲ ಪುಟವನ್ನು ಸರಸರನೆ ಕೆಳಕ್ಕೆ ಸರಿಸಿದ. ಹೀಗೆ ಗಳಿಸಿದ ಜ್ಞಾನವನ್ನು ಲಿಫ್ಟಿನಲ್ಲಿ, ತರಕಾರಿ ಗಾಡಿಯ ಮುಂದೆ, ಥಾಣೆ ಲೋಕಲ್ಲಿನಲ್ಲಿ ಹಂಚತೊಡಗಿದ. ಅದು ಹೆಚ್ಚಾಗಿ ಬಿದ್ದದ್ದು ಎದುರು ಮನೆಯ ದೇವದಾಸನ ಮೇಲೆ.

ದೇವದಾಸ ಕುಂದಾಪುರದವನು, ತುರ್ಭೆಯಲ್ಲಿ ಹೋಟೆಲು ನಡೆಸುವವನು. ಮಗಳು ಹರ್ಷಿತಾ ಕಬಡ್ಡಿ ಆಡುತ್ತಿದ್ದಳು. ಜಿಲ್ಲಾ ತಂಡದಲ್ಲಿ ಹೆಸರು ಮಾಡಿದ್ದಳು. ದೀಪಾವಳಿ ಕಳೆದ ಮೇಲೆ ರೈಲ್ವೆಯ ಆಯ್ಕೆ ಪಂದ್ಯವಿತ್ತು, ಗೆದ್ದರೆ ನೌಕರಿ. ಕನ್ನಡಕ ಹಾಕಿ ಕಬಡ್ಡಿ ಆಡುವಂತಿಲ್ಲ. ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಆಡಿ, ಮಣ್ಣು ಹೋಗಿ, ಕಣ್ಣಿಗೆ ಸೋಂಕಾಗಿ, ಡಾಕ್ಟರು ಇನ್ನು ಲೆನ್ಸ್ ಮುಟ್ಟಬೇಡ ಎಂದಿದ್ದರು. ಲೇಸರ್ ಒಂದೇ ದಾರಿ ಎಂದು ಅವಳು ಹೇಳುತ್ತಿದ್ದಳು. ಅಪ್ಪ ಹೆದರಿ ಕೂತಿದ್ದ.

"ಹತ್ತು ನಿಮಿಷದ ಕೆಲಸ ದೇವದಾಸ್," ಎಂದ ಅಶ್ವತ್ಥನಾರಾಯಣ. "ಕೂದಲು ಕತ್ತರಿಸೋಕೆ ಅದಕ್ಕಿಂತ ಹೊತ್ತು ಹಿಡಿಯುತ್ತೆ."

"ಕೂದಲು ಪುನಃ ಬರ್ತದಲ್ಲ ಮಾರಾಯ್ರೆ. ಕಣ್ಣು?"

"ನಿಮ್ಮಂಥವರು ಹೀಗೆ ಹೆದರಿ ಹೆದರಿಯೇ ಮಕ್ಕಳ ಭವಿಷ್ಯ ಹಾಳು ಮಾಡೋದು."

ದೇವದಾಸನಿಗೆ ಈ ಮಾತು ನಾಟಿತು. ಬಹಳ ಯೋಚಿಸಿ ಹೇಳಿದ: "ಆಯ್ತು. ಮೊದಲು ನೀವು ಮಾಡಿಸಿ. ನಿಮ್ಮ ಕಣ್ಣು ನೋಡಿ ಮತ್ತೆ ಇವಳದ್ದು."

ಹರ್ಷಿತಾ ಅಶ್ವತ್ಥನಾರಾಯಣನ ಕಡೆ ತಿರುಗಿ, "ಅಂಕಲ್, ಜಲ್ದೀ ಕರ್‌ವಾಓ, ಪ್ಲೀಸ್" ಎಂದು ಅವಸರಪಡಿಸಿದಳು. ಆ ಹುಡುಗಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ಹಿಂದಿ.

ತಪಾಸಣೆಯ ದಿನ ಸರಳಾ ತಾನೂ ಬರುತ್ತೇನೆ ಎಂದಳು. "ಬರೀ ಟೆಸ್ಟಿಗೆ ದಿಬ್ಬಣ ಯಾಕೆ?" ಎಂದು ಅವನು ಒಬ್ಬನೇ ವಾಶಿಯ ಕಣ್ಣಿನ ಆಸ್ಪತ್ರೆಗೆ ಹೋದ. ಅಲ್ಲಿಯ ಡಾಕ್ಟರ್ ಅಮಿತಾ ಬೆಳಗಾವಿ ಕಡೆಯವರು. ಗಿಡ್ಡ ಕೂದಲು, ಜೋರು ದನಿ. ಕಣ್ಣಿಗೆ ಔಷಧಿಯ ಹನಿ ಬಿಟ್ಟು, ಒಂದಾದ ಮೇಲೊಂದು ಯಂತ್ರಕ್ಕೆ ಗದ್ದ ಆನಿಸಿ, ಅವನ ಕಣ್ಣುಗಳ ನಕ್ಷೆ ತೆಗೆದರು. ನಕ್ಷೆಯ ಒಂದು ಮೂಲೆ ಕೆಂಪಾಗಿತ್ತು.

"ನೋಡ್ರಿ, ನಿಮಗ ಲೇಸರ್ ಬ್ಯಾಡ," ಎಂದರು ಡಾಕ್ಟರ್.

"ಬೇಡ ಅಂದ್ರೆ, ಈ ವಾರ ಬೇಡವಾ?"

"ಯಾವ ವಾರನೂ ಬ್ಯಾಡ. ಕಣ್ಣಿನ ಮುಂದ ಗಾಜಿನಂಥಾ ಪದರ ಇರ್ತದ, ಕಾರ್ನಿಯಾ ಅಂತೀವಿ. ಲೇಸರ್ ಅಂದ್ರ ಅದನ್ನ ಒಂದೀಟು ಕೆತ್ತಿ ಆಕಾರ ತಿದ್ದೂದು. ನಂಬರ್ ಜಾಸ್ತಿ ಇದ್ದಷ್ಟೂ ಜಾಸ್ತಿ ಕೆತ್ತಬೇಕು. ನಿಮ್ಮದು ಮೊದಲೇ ತೆಳ್ಳಗದ, ಕೆಳಗ ಒಂದು ಕಡೆ ಸೊಟ್ಟನೂ ಅದ. ಕೆತ್ತಿದರ ಅದು ಸೋತು ಮುಂದಕ್ಕ ಉಬ್ಬಿ ಬರಬಹುದು. ಆಮ್ಯಾಲೆ ಕನ್ನಡಕ ಹಾಕಿದರೂ ಸರಿಯಾಗಿ ಕಾಣಂಗಿಲ್ಲ."

ಅಶ್ವತ್ಥನಾರಾಯಣ ಕುರ್ಚಿಯಲ್ಲಿ ನೆಟ್ಟಗಾದ. "ನಾನೂ ಓದಿದ್ದೀನಿ ಮೇಡಂ. ಮಾಡಿಸಿಕೊಂಡವರಲ್ಲಿ ಬಹುಪಾಲು ಜನ ಸಂತೋಷವಾಗಿದ್ದಾರೆ."

"ಯಾಕ ಸಂತೋಷ ಇದ್ದಾರ ಗೊತ್ತೇನ್ರಿ? ನಿಮ್ಮಂಥವರನ್ನ ನಾವು ಬಾಗಿಲಾಗ ತಡೀತೀವಿ, ಅದಕ್ಕ."

ಬಾಲವಾಡಿಯಿಂದ ಇಲ್ಲಿಯವರೆಗೆ ಯಾವ ಪರೀಕ್ಷೆಯಲ್ಲೂ ಫೇಲಾಗದ ಮನುಷ್ಯನನ್ನು ಒಂದು ಯಂತ್ರ ಗದ್ದ ಹಿಡಿದು ಫೇಲು ಮಾಡಿತ್ತು. ಅವನು ಧನ್ಯವಾದವನ್ನೂ ಹೇಳದೆ ಎದ್ದ. ಔಷಧಿಯಿಂದ ಪಾಪೆ ಹಿಗ್ಗಿ ಬಿಸಿಲು ಸೂಜಿಯಂತೆ ಚುಚ್ಚುತ್ತಿತ್ತು. ಆಸ್ಪತ್ರೆಯವರು ಕೊಟ್ಟ ಕಪ್ಪು ಕನ್ನಡಕ ಏರಿಸಿ, ತನ್ನದನ್ನು ಚೀಲದಲ್ಲಿಟ್ಟು, ತಡವುತ್ತಾ ರಿಕ್ಷಾ ಹತ್ತಿದ.

ಅವನಿದ್ದ ಹೌಸಿಂಗ್ ಸೊಸೈಟಿಯ ಗೇಟಿನಲ್ಲಿ ಸೆಕ್ರೆಟರಿ ಮ್ಹಾತ್ರೆ ಮತ್ತು ದೇವದಾಸ ಇಬ್ಬರೂ ನಿಂತಿದ್ದರು. ಕಪ್ಪು ಕನ್ನಡಕ ಕಂಡದ್ದೇ ಮ್ಹಾತ್ರೆ ಓಡಿ ಬಂದು ತೋಳು ಹಿಡಿದುಕೊಂಡರು.

"ಆಗಿಹೋಯ್ತಾ ಮಾರಾಯ್ರೆ?" ಎಂದ ದೇವದಾಸ.

"ಹ್ಞೂಂ," ಎಂದ ಅಶ್ವತ್ಥನಾರಾಯಣ.

ಆ ಹ್ಞೂಂ ತಪಾಸಣೆಯ ಕುರಿತಾದದ್ದು ಎಂದು ಅವನು ಇವತ್ತಿಗೂ ವಾದಿಸುತ್ತಾನೆ. ವಾದದಲ್ಲಿ ಹುರುಳಿದೆ. ಆದರೆ "ನೋವಾಯ್ತಾ?" ಎಂದು ದೇವದಾಸ ಕೇಳಿದ್ದಕ್ಕೆ ಅವನು, "ಇರುವೆ ಕಚ್ಚಿದಷ್ಟೂ ಇಲ್ಲ" ಎಂದನಲ್ಲ, ಆ ಮಾತಿಗೆ ಅವನ ಹತ್ತಿರ ಯಾವ ವಾದವೂ ಇಲ್ಲ.

ಲಿಫ್ಟು ಮೂರನೇ ಮಹಡಿ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಸರಳಾ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ಕೆಂಡವಾಗಿ ನಿಂತಿದ್ದಳು. "ಟೆಸ್ಟು ಅಂತ ಹೇಳಿ ಎರಡೂ ಕಣ್ಣು ಕೊಯ್ಯಿಸಿಕೊಂಡು ಬಂದಿದ್ದೀರಲ್ಲ, ನಾನೇನು ಮನೆಗೆ ಬಂದ ನೆಂಟಳಾ?" ಎಂದಳು. ಹಾಗೆಂದು ಆರತಿ ಎತ್ತಿ, ಕೈ ಹಿಡಿದು ಮಂಚದವರೆಗೆ ನಡೆಸಿ, ಕಿಟಕಿಯ ಪರದೆ ಎಳೆದಳು. ನಿಜ ಹೇಳಲು ಅದು ಒಳ್ಳೆಯ ಸಮಯವೆಂದು ಅವನಿಗೆ ಅನ್ನಿಸಲಿಲ್ಲ. ಆಮೇಲೂ ಅನ್ನಿಸಲಿಲ್ಲ.

ಅಲ್ಲಿಂದ ಮುಂದಿನದು ಅವನೇ ಕಟ್ಟಿಕೊಂಡ ಸೆರೆಮನೆ. ಆಫೀಸಿನ ಡ್ರಾಯರಿನಲ್ಲಿ ಒಂದು ಹಳೆಯ ಕನ್ನಡಕ ಇಟ್ಟುಕೊಂಡು ಅಲ್ಲಿ ಮನುಷ್ಯನಂತೆ ಇರುತ್ತಿದ್ದ. ಐರೋಲಿ ಸ್ಟೇಶನ್ನಿನಲ್ಲಿ ಸೊಸೈಟಿಯವರು ಸಿಕ್ಕಾರೆಂದು ಸಂಜೆ ಅದನ್ನು ಅಲ್ಲೇ ಬಿಟ್ಟು ಹೊರಟರೆ, ಮರುದಿನ ಆಫೀಸು ಸೇರುವವರೆಗೆ ಮೋಡಗಳ ನಡುವೆ ಬಾಳುತ್ತಿದ್ದ. ಕಣ್ಣು ತೇವವಾಗಿಡುವ ಮಾಮೂಲಿ ಹನಿಯ ಸೀಸೆಯೊಂದನ್ನು ಕೊಂಡು ತಂದ. ಸರಳಾ ಅದನ್ನು ದೇವರ ತೀರ್ಥದಷ್ಟು ಶ್ರದ್ಧೆಯಿಂದ ಬಿಡುತ್ತಿದ್ದಳು.

ವಾಚ್‌ಮನ್ನನ ಕುರ್ಚಿಯ ಮೇಲೆ ಒಣಹಾಕಿದ್ದ ಅಂಗಿಗೆ ಅವನು ದಿನಾ ನಮಸ್ಕಾರ ಹೇಳುವುದನ್ನು ಜನ ನೋಡಿದರು. ಒಂದು ಸಂಜೆ ಬೋರ್ಡು ಕಾಣದೆ ಬೇರೆ ದಾರಿಯ ಪನ್‌ವೇಲ್ ಗಾಡಿ ಹತ್ತಿ ಸೀವುಡ್ಸ್‌ನಲ್ಲಿ ಇಳಿದು, ಪರಿಚಯದವರನ್ನೇ ನಿಲ್ಲಿಸಿ, "ಭಾಯಿಸಾಬ್, ಯೆ ಸಾನಪಾಡಾ ಹೈ ಕ್ಯಾ?" ಎಂದು ಕೇಳಿದ. ಇನ್ನೊಂದು ಸಂಜೆ ಲಿಫ್ಟಿನ ಗುಂಡಿ ತಪ್ಪಿ ಒತ್ತಿ, ತೆರೆದಿದ್ದ ಬಾಗಿಲು ದಾಟಿ, ಸೋಫಾದ ಮೇಲೆ ಕಾಲು ಚಾಚಿ, "ಸರಳಾ, ಕಾಫಿ" ಎಂದ. ಅದು ಎರಡನೇ ಮಹಡಿಯ ಮ್ಹಾತ್ರೆಯವರ ಮನೆ. ಮ್ಹಾತ್ರೆಯವರ ಹೆಂಡತಿ ಕಣ್ಣೊರೆಸಿಕೊಳ್ಳುತ್ತಾ ಚಹಾ ತಂದುಕೊಟ್ಟರು. ಅವನು ಕುಡಿದು, "ಇವತ್ತು ಕಾಫಿ ಕೆಟ್ಟದಾಗಿದೆ" ಎಂದ.

ದೇವದಾಸ ಕೊನೆಗೊಂದು ಸಂಜೆ ನೋಡಲು ಬಂದ. ಬಾಗಿಲ ಬಳಿಯೇ ನಿಂತು ಕೈ ಎತ್ತಿ ಹಿಡಿದ.

ಪರೀಕ್ಷೆ ಮಾಡುತ್ತಿದ್ದಾನೆ ಎಂದು ಅಶ್ವತ್ಥನಾರಾಯಣನಿಗೆ ಹೊಳೆಯಿತು. ಧೈರ್ಯವಾಗಿ ಹೇಳಿದ: "ನಾಲ್ಕು ಬೆರಳು. ಸರಿಯಾಗಿ ಕಾಣುತ್ತೆ ದೇವದಾಸ್."

"ಬೆರಳಲ್ಲ ಮಾರಾಯ್ರೆ," ಎಂದ ದೇವದಾಸ. "ಬಾಳೆಹಣ್ಣು. ನಿಮಗೇ ಅಂತ ತಂದದ್ದು."

ಮನೆಗೆ ಹೋದವನೇ ಮಗಳ ಹೆಸರಿನಲ್ಲಿ ಗೊತ್ತುಮಾಡಿದ್ದ ತಪಾಸಣೆಯನ್ನು ರದ್ದು ಮಾಡಿದ. ಹರ್ಷಿತಾ ಕೂಗಾಡಿದಳು, ಊಟ ಬಿಟ್ಟಳು, ಬ್ಯಾಗು ಎಸೆದಳು. ಎದುರು ಮನೆಯ ಆ ಸದ್ದು ಅಶ್ವತ್ಥನಾರಾಯಣನಿಗೆ ಕೇಳಿಸುತ್ತಿತ್ತು. ಕಿವಿಗೆ ಯಾವ ದೋಷವೂ ಇರಲಿಲ್ಲ. ಎದ್ದು ಹೋಗಿ ಹೇಳಿಬಿಡಲೇ ಎಂದು ಬಾಗಿಲವರೆಗೆ ಹೋದ. ಬಾಗಿಲೆಂದುಕೊಂಡದ್ದು ಬೀರು. ಹಣೆಗೆ ಪೆಟ್ಟಾಗಿ ಹಿಂದೆ ಬಂದು ಕೂತ.

ಹಣೆಯ ಆ ಊತವೇ ಮ್ಹಾತ್ರೆಯವರಿಗೆ ಸಾಕಾಯಿತು. ನೀರು ಬರದಿದ್ದಕ್ಕೆ, ರಸ್ತೆ ಅಗೆದದ್ದಕ್ಕೆ, ಅಗೆದ ರಸ್ತೆ ಮುಚ್ಚದಿದ್ದಕ್ಕೆ ಮೋರ್ಚಾ ನಡೆಸಿದ್ದ ಮನುಷ್ಯ ಅವರು. ಭಾನುವಾರ ಬೆಳಿಗ್ಗೆ ಸೊಸೈಟಿಯವರನ್ನೆಲ್ಲ ಕೆಳಗೆ ಸೇರಿಸಿ, ಒಬ್ಬ ಸಂಸಾರಸ್ಥನ ಕಣ್ಣು ತೆಗೆದು ಡಾಕ್ಟರಮ್ಮ ಎಸಿ ಕೋಣೆಯಲ್ಲಿ ಕೂತಿರುವುದನ್ನು ನವಿ ಮುಂಬಯಿ ಸಹಿಸುವುದಿಲ್ಲ ಎಂದು ಭಾಷಣ ಮಾಡಿದರು.

"ದಯವಿಟ್ಟು ಬೇಡ," ಎಂದ ಅಶ್ವತ್ಥನಾರಾಯಣ. "ಆ ಡಾಕ್ಟರದು ಏನೂ ತಪ್ಪಿಲ್ಲ."

ಇಷ್ಟು ದೊಡ್ಡ ಮನಸ್ಸಿನವನಿಗೆ ಇಂಥ ಅನ್ಯಾಯವೇ ಎಂದು ಜನರ ಸಿಟ್ಟು ಇಮ್ಮಡಿಯಾಯಿತು. "ನೀವು ಸುಮ್ಮನಿರಿ," ಎಂದಳು ಸರಳಾ. "ಹೀಗೆ ಎಲ್ಲರನ್ನೂ ಬಿಟ್ಟು ಬಿಟ್ಟೇ ಈ ಗತಿ ಬಂದಿರೋದು. ಏಳಿ, ಚಪ್ಪಲಿ ಹಾಕಿಕೊಳ್ಳಿ. ಅದಲ್ಲ, ಅದು ನಂದು."

ಆಸ್ಪತ್ರೆಯ ಕಾಯುವ ಕೋಣೆ ಮೋರ್ಚಾಕ್ಕೆ ಸಾಲದಾಯಿತು. ಅಶ್ವತ್ಥನಾರಾಯಣನನ್ನು ನಡುವೆ ಒಂದು ಕುರ್ಚಿಯಲ್ಲಿ ಸಾಕ್ಷಿಯಂತೆ ಕೂರಿಸಿದರು. "ಆಮ್ಚಾ ಮಾಣೂಸ್ ಆಂಧಳಾ ಝಾಲಾ," ನಮ್ಮ ಮನುಷ್ಯ ಕುರುಡಾದ, ಎಂದು ಮ್ಹಾತ್ರೆ ಗುಡುಗಿದರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಮುದುಕಿಯೊಬ್ಬಳು ಇದನ್ನು ಕೇಳಿ ಎದ್ದು ಹೊರಟಳು. ಅವಳ ಹಿಂದೆ ಇನ್ನೂ ಕೆಲವರು ಎದ್ದರು.

ಡಾಕ್ಟರ್ ಅಮಿತಾ ಹೊರಗೆ ಬಂದು ಕುರ್ಚಿಯಲ್ಲಿದ್ದವನನ್ನು ನೋಡಿದರು. ಗುರುತು ಹತ್ತಿತು. ಮುಖ ಕೆಂಪಾಯಿತು.

"ಈ ಪೇಶಂಟ್ ಬಗ್ಗೆ ನಾ ಏನೂ ಹೇಳಂಗಿಲ್ಲ," ಎಂದರು. "ಒಬ್ಬರ ಕಣ್ಣಿನ ಸಂಗತಿ ಇನ್ನೊಬ್ಬರಿಗೆ ಹೇಳೂದು ನಮ್ಮ ಧರ್ಮ ಅಲ್ಲ. ಅವರಿಗೇ ಬಾಯಿ ಅದ. ಅವರನ್ನ ಕೇಳ್ರಿ."

"ಡಾಕ್ಟರೇ ಬಾಯಿ ಮುಚ್ಚಿಕೊಂಡಿದ್ದಾರೆ ಅಂದ ಮೇಲೆ ತಪ್ಪು ಮಾಡಿದ್ದಾರೆ ಅಂತಲೇ ಅರ್ಥ," ಎಂದಳು ಸರಳಾ. ಬಾಗಿಲಲ್ಲಿ ಗಾಜಿನ ಮೇಲೆ ಕೈಗಳು ಬಡಿಯತೊಡಗಿದವು.

ಇಷ್ಟರಲ್ಲಿ ಹರ್ಷಿತಾ ಜನರ ನಡುವೆ ನುಗ್ಗಿ ಒಳಗೆ ಬಂದಳು. ಅಪ್ಪನನ್ನು ಹಿಂಬಾಲಿಸಿ ಬಂದಿದ್ದಳು. ಅಶ್ವತ್ಥನಾರಾಯಣನ ಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಅವನ ಮುಖವನ್ನೇ ನೋಡಿದಳು. ಆಮೇಲೆ ಅವನಿಗೆ ಮಾತ್ರ ಕೇಳುವಂತೆ, "ಅಂಕಲ್, ಆಪ್ ಕೇ ನಾಕ್ ಪೇ ನಿಶಾನ್ ಹೈ. ತಾಜಾ ಹೈ. ಮೇರೇ ಕೋ ಭೀ ಹೋತಾ ಹೈ," ಮೂಗಿನ ಮೇಲೆ ಹೊಸ ಗುರುತಿದೆ, ನನಗೂ ಹಾಗೇ ಆಗುತ್ತದೆ, ಎಂದಳು.

ಅವನ ಕೈ ಮೂಗಿಗೆ ಹೋಯಿತು. ಇವತ್ತು ಬೆಳಿಗ್ಗೆ ಬಚ್ಚಲಲ್ಲಿ ಕದ್ದು ಪೇಪರು ಓದಲು ಹಾಕಿ, ಆಮೇಲೆ ಅಂಗಿಯೊಳಗೆ ಬಚ್ಚಿಟ್ಟಿದ್ದ ಕನ್ನಡಕದ ಗುಳಿಗಳು ಎರಡೂ ಕಡೆ ಬೆರಳಿಗೆ ಸಿಕ್ಕವು. ಹುಡುಗಿ ಯಾರಿಗೂ ಏನೂ ಹೇಳಲಿಲ್ಲ. ಎದ್ದು ಹೋಗಿ ಗೋಡೆಗೆ ಒರಗಿ ನಿಂತಳು. ಅವಳ ಮುಖ ಅವನಿಗೆ ಕಾಣದಿದ್ದರೂ ಅವಳು ಕಾಯುತ್ತಿದ್ದಾಳೆ ಎಂಬುದು ತಿಳಿಯಿತು.

"ನನಗೆ ಆಪರೇಶನ್ ಆಗಿಲ್ಲ," ಎಂದ ಅಶ್ವತ್ಥನಾರಾಯಣ.

ಘೋಷಣೆಯ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಅವನು ಎದ್ದು ನಿಂತು, ಮೂರು ಭಾಷೆಯಲ್ಲಿಯೂ ಅದನ್ನೇ ಹೇಳಿದ. ಡಾಕ್ಟರು ಬೇಡ ಅಂದರು, ನನ್ನ ಕಣ್ಣು ಅದಕ್ಕೆ ಆಗುವುದಿಲ್ಲ ಅಂದರು, ಅದನ್ನು ಹೇಳಿಕೊಳ್ಳಲು ನಾಚಿಕೆಯಾಯಿತು ಎಂದ. ಅಂಗಿಯ ಒಳಗಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ಆಫೀಸಿನ ಹೊರಗೆ ಎಷ್ಟೋ ಕಾಲದ ಮೇಲೆ ಅವನಿಗೆ ಸ್ಪಷ್ಟವಾಗಿ ಕಂಡ ಮೊದಲ ಮುಖ ಸರಳಾಳದು. ಕನ್ನಡಕ ತಕ್ಷಣ ತೆಗೆದುಬಿಡಬೇಕು ಅನ್ನಿಸಿತು.

ಇಂಥ ಹೊತ್ತಿನಲ್ಲಿ ಒಂದು ಮೋರ್ಚಾ ಏನು ಮಾಡಬೇಕು? ಸುಮ್ಮನೆ ಮನೆಗೆ ಹೋಗಬೇಕು ಎಂದು ಮೋರ್ಚಾ ಮಾಡದವರು ಹೇಳಬಹುದು. ಮ್ಹಾತ್ರೆಯವರು ಮೊದಲಿಗಿಂತ ಜೋರಾಗಿ ಡಾಕ್ಟರ ಕಡೆ ತಿರುಗಿದರು.

"ಮಗ್ ಆಪರೇಶನ್ ಕಾ ನಾಹೀ ಕೇಲಂ?" ಹಾಗಾದರೆ ಆಪರೇಶನ್ ಯಾಕೆ ಮಾಡಲಿಲ್ಲ? ನಮ್ಮ ಸೊಸೈಟಿಯವನ ಕಣ್ಣು ನಿಮಗೆ ಕಮ್ಮಿಯಾಯಿತೇ? ಎಲ್ಲರಿಗೂ ಮಾಡುತ್ತೀರಿ, ಇವನಿಗೆ ಮಾತ್ರ ಬೇಡವೇ? ಜನ ಹಿಂದಿನಿಂದ ಹೌದು ಹೌದು ಎಂದರು. ಹೊತ್ತು ತಂದ ಸಿಟ್ಟಿಗೆ ಖರ್ಚಾಗಲು ಒಂದು ಜಾಗ ಸಿಕ್ಕಿತು.

ಡಾಕ್ಟರ್ ಅಮಿತಾ ಸ್ಟೂಲಿನ ಮೇಲೆ ಕೈ ಕುಟ್ಟಿದರು. "ಮಾಡಿದರೂ ಮೋರ್ಚಾ, ಮಾಡದಿದ್ದರೂ ಮೋರ್ಚಾ. ನಾ ಇವರಿಗೆ ಲೇಸರ್ ಮಾಡಿದ್ರ ಇವತ್ತು ನೀವು ಬಂದದ್ದು ಖರೇನೇ ಆಗತಿತ್ತು. ಅದು ಬೇಕಿತ್ತೇನು ನಿಮಗ?" ಎಂದು ಕನ್ನಡದಲ್ಲಿ ಕೇಳಿ, ಅದನ್ನೇ ಮರಾಠಿಯಲ್ಲಿ ಇನ್ನೂ ಖಾರವಾಗಿ ಕೇಳಿದರು. ಮ್ಹಾತ್ರೆಯವರು ಅತ್ತಿತ್ತ ನೋಡಿ, ನೀರಿನ ಫಿಲ್ಟರಿನ ಹತ್ತಿರ ಹೋಗಿ ಒಂದು ಲೋಟ ನೀರು ಕುಡಿದರು. ಅಲ್ಲಿಗೆ ಮೋರ್ಚಾ ಮುಗಿಯಿತೆಂದು ಎಲ್ಲರಿಗೂ ತಿಳಿಯಿತು.

ಜನ ಕರಗಿದ ಮೇಲೂ ದೇವದಾಸ ಹೋಗಲಿಲ್ಲ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡ. "ಡಾಕ್ಟ್ರೆ, ಇವಳದ್ದು ನೋಡ್ತೀರಾ? ಒಂದು ಮಾತು. ಅಪಾಯ ಎಂತ ಉಂಟು, ಎಲ್ಲ ಹೇಳ್ಬೇಕು. ಹತ್ತು ನಿಮಿಷದ ಕೆಲಸ ಅಂತ ಮಾತ್ರ ಹೇಳ್ಬೇಡಿ."

ಡಾಕ್ಟರು ಹೇಳಿದರು. ಕೆಲವು ತಿಂಗಳು ಕಣ್ಣು ಒಣಗಬಹುದು, ಕೆಲವರಿಗೆ ಅದು ಬಹಳ ಕಾಲ ಉಳಿಯುತ್ತದೆ; ಕತ್ತಲಲ್ಲಿ ದೀಪಗಳ ಸುತ್ತ ಉಂಗುರ ಕಾಣಬಹುದು; ನಂಬರು ಪೂರ್ತಿ ಹೋಗದೆ ಸ್ವಲ್ಪ ಉಳಿಯಬಹುದು; ಅಪರೂಪಕ್ಕೆ ಸೋಂಕು, ಇನ್ನೂ ಅಪರೂಪಕ್ಕೆ ದೃಷ್ಟಿಯೇ ಕುಂದುವುದು. "ಇನ್ನೊಂದು. ಕಬಡ್ಡಿ ಆಡೂ ಹುಡುಗಿಗೆ ಪದರ ಎತ್ತಿ ಮಾಡೂ ವಿಧಾನ ಬ್ಯಾಡ. ಮೊಣಕೈ ಬಡಿದ್ರ ಆ ಪದರ ಸರೀಬಹುದು. ಮ್ಯಾಲಿಂದನೇ ಮಾಡೂದು ಅದ. ನೋವು ಜಾಸ್ತಿ, ವಾಸಿಯಾಗಲಿಕ್ಕೆ ತಡ. ಆದ್ರ ಸರಿದು ಹೋಗೂ ಪದರ ಇರಂಗಿಲ್ಲ. ಮೊದಲು ಟೆಸ್ಟ್. ಟೆಸ್ಟಿನಾಗ ಬರಲಿಲ್ಲ ಅಂದ್ರ ಆಕೀಗೂ ಬ್ಯಾಡ ಅಂತೀನಿ."

ದೇವದಾಸ ತಲೆಯಾಡಿಸಿದ. "ಆ ಜನರ ಎದುರು ಕೂಡ ನೀವು ಬೇಡ ಅಂದದ್ದನ್ನು ಬೇಡ ಅಂತಲೇ ಹೇಳಿದ್ರಿ. ನಂಗೆ ಅದು ಸಾಕು."

ಹರ್ಷಿತಾಳ ಕಾರ್ನಿಯಾ ದಪ್ಪಗಿತ್ತು, ನಕ್ಷೆಯಲ್ಲಿ ಕೆಂಪು ಇರಲಿಲ್ಲ. ಲೇಸರ್ ಆಯಿತು. ಮೊದಲ ಕೆಲವು ದಿನ ಕಣ್ಣಲ್ಲಿ ಮೆಣಸಿನಪುಡಿ ಹಾಕಿದಂತೆ ಉರಿದು, ಇರುವೆ ಕಚ್ಚಿದಷ್ಟೂ ಇಲ್ಲ ಎಂದಿದ್ದ ಅಂಕಲ್ಲನ್ನು ನೆನೆದು ಮರಾಠಿಯಲ್ಲಿ ಬೈದಳು. ಮಳೆಗಾಲ ಮುಗಿಯುವ ಹೊತ್ತಿಗೆ ಕಣ್ಣು ತಿಳಿಯಾಯಿತು. ದೀಪದ ಉಂಗುರಗಳು ಮಾತ್ರ ಇನ್ನೂ ಸ್ವಲ್ಪ ಕಾಲ ಉಳಿದವು. ಆಯ್ಕೆ ಪಂದ್ಯದಲ್ಲಿ ಚೆನ್ನಾಗಿಯೇ ಆಡಿದಳು. ರೈಲ್ವೆಯವರು ತೆಗೆದುಕೊಂಡರು. ಬದಲಿ ಆಟಗಾರ್ತಿಯಾಗಿ ತೆಗೆದುಕೊಂಡರು ಎಂಬ ಸಿಟ್ಟಿನಲ್ಲಿ ಪೇಢೆ ಹಂಚಿದಳು.

ಸರಳಾ ಮಾತ್ರ ಕರಗಲಿಲ್ಲ. ಗಂಡನ ಕಣ್ಣು ಹೋಯಿತೆಂದು ಅವಳು ಮೈಸೂರಿನ ತಾಯಿ ಬಾಲಮ್ಮನವರಿಗೆ ಫೋನಿನಲ್ಲಿ ಅತ್ತಿದ್ದಳು. ಈಗ ಇಲ್ಲಮ್ಮ, ಎಲ್ಲ ಸುಳ್ಳಂತೆ ಎಂದರೆ ಬಾಲಮ್ಮ ನಂಬಲಿಲ್ಲ. ನನ್ನ ಸಮಾಧಾನಕ್ಕೆ ಹೇಳುತ್ತಿದ್ದಾಳೆ ಎಂದುಕೊಂಡರು. ಕಣ್ಣಾರೆ ನೋಡಬೇಕೆಂದು ಬೆಂಗಳೂರಿಗೆ ಬಂದು ರೈಲು ಹತ್ತಿ ಕಲ್ಯಾಣದಲ್ಲಿ ಇಳಿದರು. ಕನ್ನಡಕ ಹಾಕಿ ನಿಂತಿದ್ದ ಅಳಿಯನ ಮುಂದೆ ಕೈಯಾಡಿಸಿ, "ನಾನು ಬಾಲಮ್ಮ, ನಿಮ್ಮ ಅತ್ತೆ" ಎಂದು ನಿಧಾನವಾಗಿ, ಬಿಡಿಸಿ ಹೇಳಿದರು. ಹೊರೆಯಾಳನ್ನು ಕರೆಯಲು ಹೊರಟವನ ಕೈ ಹಿಡಿದು, ಮೆಟ್ಟಿಲು ಮೆಟ್ಟಿಲಿಗೂ "ಹುಷಾರು" ಎನ್ನುತ್ತಾ ಅವರೇ ಇಳಿಸಿದರು.

"ನೀವೇ ಹೇಳಿ ಅಮ್ಮಂಗೆ," ಎಂದಳು ಸರಳಾ ಮನೆಗೆ ಬಂದ ಮೇಲೆ. "ನನ್ನ ಮಾತು ನಂಬಲ್ಲ."

ಅಶ್ವತ್ಥನಾರಾಯಣ ಅತ್ತೆಯ ಮುಂದೆ ಕೂತ. "ಅತ್ತೆ, ನನಗೆ ಯಾವ ಆಪರೇಶನ್ನೂ ಆಗಿಲ್ಲ. ಡಾಕ್ಟರು ಮಾಡಲ್ಲ ಅಂದ್ರು. ನನಗೆ ಅವಮಾನ ಆಯ್ತು. ಕಣ್ಣು ಕಾಣದಿದ್ದರೂ ಪರವಾಗಿಲ್ಲ ಅಂತ ಕನ್ನಡಕ ಬಚ್ಚಿಟ್ಟುಕೊಂಡು ಓಡಾಡ್ತಾ ಇದ್ದೆ. ಮ್ಹಾತ್ರೆಯವರ ಮನೆಗೆ ಹೋಗಿ ಕಾಫಿ ಕೇಳಿದೆ. ಜನರೆಲ್ಲ ಸೇರಿ ಆಸ್ಪತ್ರೆಗೆ ಮೋರ್ಚಾ ಹೋದ್ರು. ನಾನೂ ಹೋದೆ."

ಬಾಲಮ್ಮ ಪೂರ್ತಿ ಕೇಳಿಸಿಕೊಂಡರು. ಅಳಿಯನ ಮುಖವನ್ನು ಬಹಳ ಹೊತ್ತು ಕರುಣೆಯಿಂದ ನೋಡಿ, ಮಗಳ ಕಡೆ ವಾಲಿ ದನಿ ತಗ್ಗಿಸಿದರು.

"ಪಾಪ ಕಣೇ. ಆ ಲೇಸರ್ರು ತಲೆಗೂ ಏರಿಬಿಟ್ಟಿದೆ."

"ಇಲ್ಲಮ್ಮ," ಎಂದಳು ಸರಳಾ. "ಅದು ಮೊದಲಿಂದಲೂ ಹಾಗೇ ಇದ್ದದ್ದು."